ಗೆಳೆಯನಿಗೊಂದು ಪತ್ರ: ಪಿರ್ರೆಯಿಂದ ಕಾಲಿಗಿಳಿಯುವ ನೋವು

ಕಾರವಾರ
ಅಕ್ಟೋಬರ್ ಕೊನೆ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಬಲಗಡೆ ಪಿರ್ರೆಯ ಆಳದಲ್ಲಿ ಕೊರೆಯುವ ನೋವು. ಕಾಲು ಗಂಟೆ ಕೂತರೆ ತೊಡೆಯ ಹಿಂಭಾಗದಿಂದ ಮೀನಖಂಡದವರೆಗೆ ಚಳುಕು. ಎದ್ದು ಓಡಾಡಿದರೆ ಅರ್ಧ ಕಡಿಮೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಸೊಸೈಟಿಯಲ್ಲಿ ಒಬ್ಬರು 'ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಜಾರಿದೆ' ಅಂದರು, ಮನೆಯಲ್ಲಿ 'ನರ ಉಳುಕಿದೆ' ಅಂದರು, ಆಯುರ್ವೇದದವರು ಗೃಧ್ರಸಿ, ಅಂದರೆ ಸಯಾಟಿಕಾ, ಅಂದರು. ಶಿರಸಿಯಲ್ಲಿ ಸೊಂಟನೋವಿಗೆ ಸಲಹೆ ಸಿಗದ ಮನೆ ಇಲ್ಲ ಬಿಡು.

ಎಕ್ಸ್‌ರೇಯಲ್ಲಿ ಕಾಣದ್ದು ಆಶ್ಚರ್ಯವೇ ಅಲ್ಲ. ಅದು ಮೂಳೆ ತೋರಿಸುತ್ತದೆ, ಸ್ನಾಯುವನ್ನಾಗಲಿ ನರವನ್ನಾಗಲಿ ಅಲ್ಲ. ನಿನ್ನ ತಕರಾರು ಇರುವುದು ಆ ಎರಡರ ನಡುವೆ. ಸೊಂಟದ ಕೆಳಭಾಗದಿಂದ, ಎಲ್4ರಿಂದ ಎಸ್3ರವರೆಗಿನ ಮಟ್ಟದಲ್ಲಿ (ಎಲ್ ಅಂದರೆ ಸೊಂಟದ ಮಟ್ಟ, ಎಸ್ ಅಂದರೆ ಅದರ ಕೆಳಗಿನ ತ್ರಿಕಾಸ್ಥಿಯದು) ಹೊರಟ ನರದ ಬೇರುಗಳು ಒಂದಾಗಿ ಸಯಾಟಿಕ್ ನರವಾಗುತ್ತವೆ. ದೇಹದಲ್ಲೇ ಅತಿ ದಪ್ಪನೆಯ ನರ ಇದು. ಪಿರ್ರೆಯ ಒಳಗೆ ಇದು ಪಿರಿಫಾರ್ಮಿಸ್ ಎಂಬ ಸಣ್ಣ ಸ್ನಾಯುವನ್ನು ದಾಟಿ ತೊಡೆಗೆ ಇಳಿಯಬೇಕು. ಆ ಸ್ನಾಯು ಬೆನ್ನುಮೂಳೆಯ ಬುಡದ ತ್ರಿಕೋನದ ಮೂಳೆಯಾದ ತ್ರಿಕಾಸ್ಥಿಯ ಒಳಮುಖದಿಂದ ಹೊರಟು, ತೊಡೆಮೂಳೆಯ ಮೇಲ್ತುದಿಯಲ್ಲಿ ಹೊರಗೆ ಕೈಗೆ ಸಿಗುತ್ತದಲ್ಲ, ಆ ಗುಬುಟಿಗೆ ಅಂಟಿಕೊಂಡಿದೆ. ಬಹುಪಾಲು ಜನರಲ್ಲಿ ನರ ಸ್ನಾಯುವಿನ ಕೆಳಅಂಚಿನಿಂದ ಹೊರಬರುತ್ತದೆ. ಕೆಲವರಲ್ಲಿ ಎರಡಾಗಿ ಸೀಳಿ, ಒಂದು ಎಳೆ ಸ್ನಾಯುವಿನ ನಡುವಿನಿಂದಲೇ ನುಸುಳುತ್ತದೆ. ಬೀಟನ್ ಮತ್ತು ಆನ್ಸನ್ 1937ರಲ್ಲೇ ಇಂಥ ಆರು ಬಗೆಗಳನ್ನು ವಿಂಗಡಿಸಿದ್ದರು. ಸ್ನಾಯು ಬಿಗಿದರೆ, ಊದಿಕೊಂಡರೆ, ಅಥವಾ ಅದರ ಮೇಲೆ ತಾಸುಗಟ್ಟಲೆ ಭಾರ ಬಿದ್ದರೆ ನರ ಕೆರಳುತ್ತದೆ.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಲಿಗೆ ಇಳಿಯುವ ಇಂಥ ನೋವಿಗೆ ಹೆಚ್ಚಿನ ಸಲ ಕಾರಣ ಬೆನ್ನಿನ ಡಿಸ್ಕೇ, ಪಿರಿಫಾರ್ಮಿಸ್ ಅಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ ಎಲ್ಲರೂ ತಮ್ಮದು ಪಿರಿಫಾರ್ಮಿಸ್ ಎಂದು ತೀರ್ಮಾನಿಸುವುದು ಈಗ ಜಾಸ್ತಿಯಾಗಿದೆ. ಹಾಗಂತ ಎಂಆರ್‌ಐ ಮಾಡಿಸಿದ ಕೂಡಲೇ ಉತ್ತರ ಸಿಗುತ್ತದೆ ಅಂತಲೂ ಅಲ್ಲ. ಯಾವ ನೋವೂ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಹಾಕಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಇಪ್ಪತ್ತರ ವಯಸ್ಸಿನವರಲ್ಲೇ ಶೇ. 30ರಷ್ಟು ಮಂದಿಗೆ ಡಿಸ್ಕ್ ಉಬ್ಬಿರುತ್ತದೆ, ಎಂಬತ್ತರ ಹೊತ್ತಿಗೆ ಶೇ. 84. ಅಂದರೆ ನಿನಗೂ ಏನೋ ಒಂದು ಉಬ್ಬು ಕಾಣಬಹುದು. ನೋವು ಅದರದ್ದೇ ಎಂದು ಅಷ್ಟರಿಂದ ಹೇಳಲಾಗದು.

ಮನೆಯಲ್ಲೇ ಕೆಲವು ಗಮನಿಸು. ತ್ರಿಕಾಸ್ಥಿಯ ಅಂಚಿಗೂ ತೊಡೆಯ ಹೊರಗುಬುಟಿಗೂ ನಡುವೆ ಒಂದು ಗೆರೆ ಎಳೆದಂತೆ ಊಹಿಸಿಕೊಂಡು ಅದರ ಮಧ್ಯದಲ್ಲಿ ಬೆರಳಿನಿಂದ ಒತ್ತು. 'ಹಾಂ, ಇದೇ' ಅನ್ನುವಷ್ಟು ನೋವು ಅಲ್ಲೇ ಸಿಕ್ಕಿ, ಬೆನ್ನುಮೂಳೆ ಒತ್ತಿದಾಗ ಏನೂ ಅನಿಸದಿದ್ದರೆ ಪಿರಿಫಾರ್ಮಿಸ್ ಕಡೆ ಅನುಮಾನ ಹೋಗುತ್ತದೆ. ಕೆಮ್ಮಿದಾಗ, ಸೀನಿದಾಗ, ತಿಣುಕಿದಾಗ ಕಾಲಿಗೆ ಝಲ್ ಅಂದರೆ, ಅಥವಾ ಮುಂದೆ ಬಾಗಿ ಮುಖ ತೊಳೆಯುವಾಗ ಹಿಡಿದುಕೊಂಡರೆ, ಡಿಸ್ಕ್ ಕಡೆ. ಜೋಮು ಹೆಬ್ಬೆರಳ ಕಡೆಗೋ ಕಿರುಬೆರಳ ಕಡೆಗೋ ಎಂದೂ ನೋಡು. ಮೊದಲನೆಯದು ಹೆಚ್ಚಾಗಿ ಎಲ್5 ಬೇರು, ಎರಡನೆಯದು ಎಸ್1. ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ, ತುದಿಗಾಲಲ್ಲಿ ಹತ್ತು ಹೆಜ್ಜೆ ನಡೆ. ಯಾವುದಾದರೂ ಆಗದೆ ಪಾದ ಕುಸಿದರೆ ಪತ್ರ ಅಲ್ಲೇ ಮಡಚಿಟ್ಟು ವೈದ್ಯರಲ್ಲಿಗೆ ಹೊರಡು.

ಇನ್ನು ಅಭ್ಯಾಸಗಳ ವಿಷಯ. 'ನೆಟ್ಟಗೆ ಕೂತರೆ ಎಲ್ಲ ಸರಿ' ಅನ್ನುವ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕೆಟ್ಟ ಭಂಗಿ ಎಂದು ಒಂದಿಲ್ಲ. ಒಂದೇ ಭಂಗಿಯಲ್ಲಿ, ಒಂದೇ ಪಕ್ಕಕ್ಕೆ ಭಾರ ಹಾಕಿ, ಅಲುಗಾಡದೆ ಕೂರುವುದು ಕೆಟ್ಟದ್ದು. ನಿನ್ನ ದಿನವನ್ನೇ ನೋಡು. ಬೆಳಿಗ್ಗೆಯಿಂದ ಸಂಜೆಯವರೆಗೆ ಸೊಸೈಟಿಯ ಕುರ್ಚಿ, ವಾರಕ್ಕೆರಡು ಸಲ ದೇವಿಮನೆ ಘಾಟಿ ಇಳಿದು ಕುಮಟೆಗೆ ಕಾರು, ಇನ್ನೊಂದು ತಿಂಗಳಿಗೆ ಅಡಿಕೆ ಸುಲಿಯುವ ಮಣೆ. ಮೂರರಲ್ಲೂ ಬಲಪಿರ್ರೆಗೇ ಕೆಲಸ.

ಮಣೆಯಿಂದಲೇ ಶುರುಮಾಡುತ್ತೇನೆ, ಕೊಯ್ಲು ಹತ್ತಿರ ಬಂತು. ನರ ಎಷ್ಟು ಕೆರಳಿದೆ ಎಂದು ತಿಳಿಯಲು ನಾವು ಒಂದು ಪರೀಕ್ಷೆ ಮಾಡುತ್ತೇವೆ. ರೋಗಿಯನ್ನು ಕೂರಿಸಿ ಬೆನ್ನು ಗೂನು ಮಾಡಿಸಿ, ಕತ್ತು ಬಗ್ಗಿಸಿ, ನೋವಿರುವ ಕಾಲನ್ನು ಮುಂದೆ ಚಾಚಿಸುತ್ತೇವೆ. ಕತ್ತಿನಿಂದ ಪಾದದವರೆಗೆ ಇಡೀ ನರದ ದಾರಿ ಬಿಗಿದು ಎಳೆಯುತ್ತದೆ. ಹಲಗೆಗೆ ಕೂರಿಸಿದ ಮೆಟ್ಟುಗತ್ತಿಯ ಮುಂದೆ ನೆಲಮಟ್ಟದಲ್ಲಿ ಕೂತು, ಒಂದು ಕಾಲು ಮಡಚಿ ಕತ್ತಿಯ ಹಲಗೆ ಒತ್ತಿ, ಇನ್ನೊಂದು ಕಾಲು ಚಾಚಿ, ತಲೆ ತಗ್ಗಿಸಿ ರಾತ್ರಿ ಹನ್ನೊಂದರವರೆಗೆ ಸುಲಿಯುವವರು ಆ ಪರೀಕ್ಷೆಯನ್ನೇ ನಾಲ್ಕು ತಾಸು ಮಾಡಿಕೊಂಡಂತಾಯಿತು. ಇಲ್ಲಿ ಬೈತಖೋಲ್ ಬಂದರಿನಲ್ಲಿ ಕಾಲ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ತೂತು ಹೆಣೆಯುವವರ ಕೂರುವಿಕೆಯೂ ಇದೇ. ಕೆಳಗೆ ಕೂತಷ್ಟೂ ಸೊಂಟದ ಎಲುಬುಗೂಡು ಹಿಂದಕ್ಕೆ ಉರುಳುತ್ತದೆ. ಭಾರ ಕೂರುವ ಮೂಳೆಗಳನ್ನು ಬಿಟ್ಟು ಹಿಂದೆ ಪಿರ್ರೆಯ ಮಾಂಸದ ಮೇಲೆ ಬೀಳುತ್ತದೆ, ಬೆನ್ನಿನ ಡಿಸ್ಕ್ ಹಿಂದಕ್ಕೆ ಒತ್ತಿಸಿಕೊಳ್ಳುತ್ತದೆ.

ಸುಲಿಯುವುದು ಬಿಡು ಎಂದು ನಾನು ಹೇಳಿದರೆ ನೀನು ಕೇಳುವವನಲ್ಲ. ಆದ್ದರಿಂದ ಕೂರುವ ಮಣೆಯನ್ನು 15ರಿಂದ 20 ಸೆಂಟಿಮೀಟರ್ ಎತ್ತರಿಸು. ಕತ್ತಿಯ ಹಲಗೆಯ ಕೆಳಗೂ ಅಷ್ಟೇ ಎತ್ತರದ ದಿಮ್ಮಿ ಕೊಡು. ಮಣೆ ಮಾತ್ರ ಎತ್ತರಿಸಿದರೆ ಇನ್ನಷ್ಟು ಬಾಗಬೇಕಾಗುತ್ತದೆ, ಎಲ್ಲರೂ ಎಡವುವುದು ಅಲ್ಲೇ. ದಿಮ್ಮಿ ಅಲುಗಾಡದಂತೆ ಭದ್ರವಾಗಿರಲಿ, ಕತ್ತಿಯ ವಿಷಯ. ಚಾಚುವ ಕಾಲಿನ ಮಂಡಿಯ ಕೆಳಗೆ ಒಂದು ಸುತ್ತಿದ ಗೋಣಿಚೀಲ ಇಡು. ಮಂಡಿ ಸ್ವಲ್ಪ ಬಾಗಿದರೂ ನರದ ಎಳೆತ ಕಡಿಮೆಯಾಗುತ್ತದೆ. ಅರ್ಧ ತಾಸಿಗೊಮ್ಮೆ ಸುಲಿದ ಅಡಿಕೆಯನ್ನು ನೀನೇ ಎದ್ದು ಹೋಗಿ ಸುರಿದು ಬಾ. ಬುಟ್ಟಿಯನ್ನು ಕೈಗೆಟಕದಷ್ಟು ದೂರ ಇಟ್ಟುಕೊಂಡರೆ ನೆನಪು ಬೇರೆ ಬೇಡ. ಕಾಲು ಬದಲಿಸಲು ಬಂದರೆ ಬದಲಿಸು, ಕೈ ಪಳಗಿದವರಿಗೆ ಅದು ಕಷ್ಟ ಎಂಬುದು ಗೊತ್ತು.

ಕಾರಿನದು ಬೇರೆ ಲೆಕ್ಕ. ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರ್. ಅಷ್ಟೂ ದೂರ ಬಲಗಾಲು ಆಕ್ಸಿಲರೇಟರು-ಬ್ರೇಕಿನ ಮೇಲೆ ತೂಗುತ್ತಲೇ ಇರುತ್ತದೆ, ಮಂಡಿ ಬಾಗಿಲ ಕಡೆ ಹೊರಕ್ಕೆ ಬಿದ್ದಿರುತ್ತದೆ. ಪಿರಿಫಾರ್ಮಿಸ್ ಆಗ ಮೊಟಕಾದ ಸ್ಥಿತಿಯಲ್ಲೇ ಉಳಿಯುತ್ತದೆ. ಎಡಗಾಲಿಗೆ ಕ್ಲಚ್ಚಿನ ನೆಪದಲ್ಲಾದರೂ ಚಲನೆ ಇದೆ. ಸೀಟು ಹಿಂದೆ ತಳ್ಳಿ ಕೂತು ಕ್ಲಚ್ಚನ್ನು ತುದಿಗಾಲಲ್ಲಿ ತುಳಿಯುವವರಿಗೆ ಪ್ರತಿ ತಿರುವಿನಲ್ಲೂ ಸೊಂಟ ಒಂದು ಪಕ್ಕಕ್ಕೆ ಎಳೆಯುತ್ತದೆ. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ತುಸು ಬಾಗಿರುವಷ್ಟು ಸೀಟು ಮುಂದೆ ತಾ. ಒರಗು 100ರಿಂದ 110 ಡಿಗ್ರಿ ಇರಲಿ. ಸೀಟಿನ ಹಿಂಬದಿ ಗುಂಡಿಯಾಗಿದ್ದರೆ ಟವೆಲ್ ಮಡಚಿ ತುಂಬು, ಸೊಂಟ ಮಂಡಿಗಿಂತ ಕೆಳಗಿರಬಾರದು. ಘಾಟಿ ಇಳಿಯುವ ಮೊದಲು ಒಮ್ಮೆ ನಿಲ್ಲಿಸಿ ಎರಡು ನಿಮಿಷ ಓಡಾಡು. ಇಳಿಯುವಾಗ ಒಂದು ಕಾಲು ಹೊರಗೆ ಹಾಕಿ ತಿರುಚಿಕೊಂಡು ಏಳಬೇಡ, ಎರಡೂ ಕಾಲು ಹೊರಗಿಟ್ಟು ಆಮೇಲೆ ಏಳು.

ಪರ್ಸು! ಬಲ ಹಿಂಜೇಬಿನಲ್ಲಿ ಪಾಸ್‌ಬುಕ್, ಕಾರ್ಡು, ಹಳೆಯ ರಸೀತಿ ಎಲ್ಲ ತುರುಕಿದ ಆ ಗಂಟನ್ನು ಮೊದಲು ತೆಗೆ. ಎರಡು-ಮೂರು ಸೆಂಟಿಮೀಟರ್ ದಪ್ಪದ್ದು ಸೊಂಟವನ್ನೇ ಓರೆ ಮಾಡುತ್ತದೆ, ಜೊತೆಗೆ ಅದರ ಅಂಚು ನರ ಇಳಿಯುವ ಜಾಗಕ್ಕೆ ನೇರ ಒತ್ತುತ್ತದೆ. ಕ್ರೆಡಿಟ್ ಕಾರ್ಡ್ ತುಂಬಿದ ಪರ್ಸಿನಿಂದ ಬಂದ ಸಯಾಟಿಕಾದ ಬಗ್ಗೆ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ 1978ರಲ್ಲೇ ಅಚ್ಚಾಗಿತ್ತು. ಮೊಬೈಲಿಗೂ ತೋಟದ ಮನೆಯ ಬೀಗದ ಗೊಂಚಲಿಗೂ ಇದೇ ಮಾತು. ಖರ್ಚಿಲ್ಲದ ಚಿಕಿತ್ಸೆ ಇದು, ಆದ್ದರಿಂದಲೇ ಯಾರೂ ಮಾಡುವುದಿಲ್ಲ.

ಸೊಸೈಟಿಯ ಕುರ್ಚಿಯಲ್ಲಿ ನೀನು ಬಲ ಕಣಕಾಲನ್ನು ಎಡ ಮಂಡಿಯ ಮೇಲೆ ಹಾಕಿ ಕೂರುತ್ತೀಯೋ, ತೊಡೆಯ ಮೇಲೆ ತೊಡೆ ಹಾಕುತ್ತೀಯೋ? ಎರಡರಲ್ಲೂ ಪಿರ್ರೆ ಒತ್ತಿಸಿಕೊಂಡು, ಎಳೆಸಿಕೊಂಡು ನೋಯಬಹುದು. ಎರಡನ್ನೂ ಸದ್ಯಕ್ಕೆ ಬಿಡು. ಅರ್ಧ ತಾಸಿಗೊಮ್ಮೆ ಎದ್ದು ನಿಂತು ಎರಡು ನಿಮಿಷ. ಲೆಡ್ಜರು ನಿಂತೇ ನೋಡಬಹುದು. ಯಕ್ಷಗಾನಕ್ಕೆ ಹೋದಾಗ ಪ್ಲಾಸ್ಟಿಕ್ ಕುರ್ಚಿಯ ಗುಂಡಿಗೆ ಮಡಚಿದ ಕಂಬಳಿ ಹಾಕಿಕೋ. ಪಂಕ್ತಿಯ ಊಟಕ್ಕೆ ಇಪ್ಪತ್ತು ನಿಮಿಷ ಚಕ್ಕಳಮಕ್ಕಳ ಹಾಕಿದರೆ ಏನೂ ಆಗದು, ಮಣೆ ಕೇಳಿ ತೆಗೆದುಕೋ. ನೋವು ತೀರ ಇರುವ ವಾರಗಳಲ್ಲಿ ಕುಕ್ಕರಗಾಲಿನ ಪಾಯಖಾನೆ ಬದಲು ಕಮೋಡ್ ಒಳ್ಳೆಯದು.

ನಿಲ್ಲುವಾಗ ಒಂದೇ ಕಾಲಿಗೆ ಭಾರ ಬಿಟ್ಟು ಸೊಂಟ ಹೊರಗೆ ಹಾಕುವುದು, ಮಗುವನ್ನೋ ಕೊಡವನ್ನೋ ಸದಾ ಒಂದೇ ಸೊಂಟದ ಮೇಲೆ ಹೊರುವುದು, ಇವೂ ಇದೇ ಪಟ್ಟಿಗೆ. ಮಲಗುವಾಗ ನೋವಿನ ಪಕ್ಕ ಮೇಲಿರಲಿ, ಎರಡು ಮಂಡಿಗಳ ನಡುವೆ ದಿಂಬು ಇರಲಿ. ದಿಂಬಿಲ್ಲದೆ ಮೇಲಿನ ಕಾಲು ಮುಂದಕ್ಕೆ ಜಾರಿದರೆ ರಾತ್ರಿಯೆಲ್ಲ ಆ ಸ್ನಾಯು ಎಳೆದುಕೊಂಡೇ ಇರುತ್ತದೆ, ಬೆಳಿಗ್ಗೆಯ ಬಿಗಿತಕ್ಕೆ ಅದೂ ಒಂದು ಕಾರಣ.

ಈ ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲೋ ತೋಟದ ಮೆಟ್ಟಿಲಲ್ಲೋ ಜಾರಿ ಪಿರ್ರೆಯ ಮೇಲೆ ಬಿದ್ದಿದ್ದೆಯಾ? ನೆನಪು ಮಾಡಿಕೋ. 1947ರಲ್ಲಿ ಈ ಕಾಯಿಲೆಗೆ ಪಿರಿಫಾರ್ಮಿಸ್ ಸಿಂಡ್ರೋಮ್ ಎಂದು ಹೆಸರಿಟ್ಟ ರಾಬಿನ್ಸನ್ ಆರು ಲಕ್ಷಣ ಹೇಳಿದ್ದಾನೆ, ಅದರಲ್ಲಿ ಪಿರ್ರೆಗೆ ಬಿದ್ದ ಪೆಟ್ಟೂ ಒಂದು. ಬಿದ್ದ ದಿನ ಸುಮ್ಮನಿದ್ದು ವಾರಗಳ ನಂತರ ಕಾಡುವುದೂ ಉಂಟು.

ವ್ಯಾಯಾಮ ಮೂರೇ ಸಾಕು. ಅಂಗಾತ ಮಲಗಿ ಬಲ ಕಣಕಾಲನ್ನು ಎಡ ಮಂಡಿಯ ಮೇಲಿಟ್ಟು, ಎಡತೊಡೆಯನ್ನು ಎರಡು ಕೈಯಿಂದ ಎದೆಯ ಕಡೆ ಎಳೆ. ಬಲಪಿರ್ರೆಯಲ್ಲಿ ಹಿತವಾದ ಎಳೆತ ಬರಬೇಕು. 30 ಸೆಕೆಂಡ್ ಹಿಡಿ, ಮೂರು ಸಲ, ದಿನಕ್ಕೆರಡು ಹೊತ್ತು. ಕಾಲಿಗೆ ಜುಮ್ಮೆಂದು ಇಳಿದರೆ ಅದು ಸ್ನಾಯುವಿನ ಎಳೆತವಲ್ಲ, ನರದ್ದು, ಅಲ್ಲೇ ಸಡಿಲಿಸು. ಜೋರಾಗಿ ಎಳೆದಷ್ಟು ಬೇಗ ಗುಣ ಎಂದು ಹಟ ಹಿಡಿದವರೇ ಹೆಚ್ಚು ದಿನ ನರಳುವುದು. ಎರಡನೆಯದು, ಮಂಡಿ ಮಡಚಿ ಅಂಗಾತ ಮಲಗಿ ಪಿರ್ರೆ ಬಿಗಿದು ಸೊಂಟ ಮೇಲೆತ್ತುವುದು. ಐದು ಎಣಿಸಿ ಇಳಿಸು, ಹತ್ತು ಸಲ, ಎರಡು ಸುತ್ತು. ಮೂರನೆಯದು, ಎಡಮಗ್ಗುಲಲ್ಲಿ ಮಲಗಿ ಮಂಡಿ ಬಾಗಿಸಿ, ಹಿಮ್ಮಡಿ ಜೋಡಿಸಿಟ್ಟೇ ಮೇಲಿನ ಮಂಡಿಯನ್ನಷ್ಟೇ ತೆರೆಯುವುದು. ಸೊಂಟ ಹಿಂದಕ್ಕೆ ಉರುಳಬಾರದು. ಇದೂ ಹತ್ತು ಸಲ, ಎರಡು ಸುತ್ತು. ಈ ಎರಡನ್ನು ಬಿಟ್ಟು ಬರೀ ಎಳೆಯುತ್ತ ಕೂತರೆ ನೋವು ಮರಳುತ್ತದೆ. ಪಿರ್ರೆಯ ದೊಡ್ಡ ಸ್ನಾಯುಗಳು ಸೋತಾಗಲೇ ಈ ಚಿಕ್ಕದರ ಮೇಲೆ ಹೊರೆ ಬೀಳುವುದು.

ಬಿಸಿನೀರಿನ ಚೀಲ 15-20 ನಿಮಿಷ ಇಡಬಹುದು. ಎಣ್ಣೆ ಹಚ್ಚಿ ಹಗುರಾಗಿ ತಿಕ್ಕಿಸಿದರೆ ಹಿತ. ಮೊಣಕೈಯಿಂದ ಆ ಬಿಂದುವನ್ನೇ ಅದುಮಿಸಿಕೊಳ್ಳಬೇಡ, ಕಾಲು ಎಳೆಸಿ 'ನರ ಕೂರಿಸುವವರ' ಹತ್ತಿರ ಹೋಗಬೇಡ. ಹಾಸಿಗೆ ಹಿಡಿದು ಮಲಗುವುದೂ ಬೇಡ. ಒಂದೆರಡು ದಿನಕ್ಕಿಂತ ಹೆಚ್ಚು ಮಲಗಿದರೆ ಬಿಗಿತವೇ ಜಾಸ್ತಿ. ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ, ತೋಟದ ಇಳಿಜಾರು ಬಿಟ್ಟು ಸಪಾಟು ದಾರಿಯಲ್ಲಿ ನಡೆ.

ಆರು ವಾರ ಹೀಗೆ ಮಾಡಿಯೂ ಇಳಿಯದಿದ್ದರೆ ಮೂಳೆತಜ್ಞರಿಗೋ ನರತಜ್ಞರಿಗೋ ತೋರಿಸು. ಆದರೆ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಮಲದ ಅರಿವು ಹೋದರೆ, ತೊಡೆಸಂದಿ-ಗುದದ ಸುತ್ತ ಮರಗಟ್ಟಿದರೆ, ಎರಡೂ ಕಾಲಿಗೆ ಒಟ್ಟಿಗೆ ಬಂದರೆ, ಪಾದ ಎತ್ತಲಾಗದಿದ್ದರೆ ಆರು ವಾರವೂ ಬೇಡ, ಆರು ತಾಸೂ ಬೇಡ. ರಾತ್ರಿಯೇ ಆದರೂ ಹೊರಡಬೇಕು, ಎಂಆರ್‌ಐ ಇರುವ ಆಸ್ಪತ್ರೆಗೇ. ಜ್ವರವೋ ಕಾರಣವಿಲ್ಲದೆ ತೂಕ ಇಳಿಯುವುದೋ ಜೊತೆಗಿದ್ದರೂ ತಡ ಮಾಡಬೇಡ.

ಬೆರಳಿಟ್ಟ ಜಾಗದಲ್ಲಿ ನೋವು ಸಿಕ್ಕಿತೋ, ಕೆಮ್ಮಿದಾಗ ಏನಾಯಿತು, ಜೋಮು ಯಾವ ಬೆರಳಿಗೆ, ಇಷ್ಟನ್ನು ಬರೆದು ಕಳಿಸು. ಮಣೆಯ ಈಗಿನ ಎತ್ತರವನ್ನೂ ಅಳೆದು ಬರೆ, ಕತ್ತಿಯ ಹಲಗೆಗೆ ಎಷ್ಟು ದಪ್ಪದ ದಿಮ್ಮಿ ಬೇಕೆಂದು ಹೇಳುತ್ತೇನೆ. ಅತ್ತಿಗೆಗೂ ಈ ಪತ್ರ ಓದಲು ಕೊಡು ಮಾರಾಯಾ, ಸುಲಿಯಲು ಕೂರುವವರು ಅವರೂ ಹೌದಲ್ಲ.

ನಿನ್ನ,
ಕಾರವಾರದ ಗೆಳೆಯ