ಫೋಟೋದ ಕೆಳಗೆ ತಾರೀಕೂ ಇರಲಿ

ಮಾನ್ಯ ಸಂಪಾದಕರಿಗೆ,

ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಫೋಟೋ ಬಂದಿತ್ತು. ಗೋಡೆಯ ಮೇಲೆ ಕೂತ ಇಟ್ಟಿಗೆ ಬಣ್ಣದ ದೊಡ್ಡ ರೆಕ್ಕೆಯ ಜೀವ. ‘ಅಪರೂಪದ ದೈತ್ಯ ಚಿಟ್ಟೆ ಪತ್ತೆ’ ಅಂತ ಬರೆದಿದ್ದಿರಿ. ಜಗತ್ತಿನಲ್ಲೇ ಅತಿ ದೊಡ್ಡದು ಅಂತಲೂ ಇತ್ತು. ನೋಡಲು ಜನ ಸೇರಿದ ಸುದ್ದಿ ಇತ್ತು. ಕಂಡದ್ದು ಯಾವ ದಿನ, ಯಾವ ಊರಲ್ಲಿ, ಹತ್ತಿರ ಯಾವ ಮರ ಇತ್ತು, ಇದೊಂದೂ ಇರಲಿಲ್ಲ.

ನಾನು ಪೆರ್ಲದ ಹತ್ತಿರ ಮನೆಯ ಜಗಲಿಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡವಳು. ಮದುವೆ ಸೀಸನ್‌ನಲ್ಲಿ ರಾತ್ರಿ ಹನ್ನೊಂದರವರೆಗೂ ಲೈಟ್ ಉರಿಯುತ್ತದೆ. ಪತಂಗಗಳನ್ನು ನಾನು ಹುಡುಕಿಕೊಂಡು ಹೋದದ್ದಲ್ಲ, ಅವೇ ಬಂದು ಬ್ಲೌಸ್ ಪೀಸ್ ಮೇಲೆ ಕೂತದ್ದು. 2016ರಿಂದ ಅಳತೆ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಮುಂದಿನ ಪುಟಗಳಲ್ಲಿ ಗಿರಾಕಿಗಳ ಭುಜ, ಎದೆ, ಸೊಂಟ. ಹಿಂದಿನಿಂದ ಪತಂಗ, ಕಪ್ಪೆ, ಹಕ್ಕಿ. ಎರಡೂ ನಡುವಿನಲ್ಲಿ ಸೇರಿದಾಗ ಹೊಸ ಪುಸ್ತಕ.

ನಿಮ್ಮ ಫೋಟೋದಲ್ಲಿದ್ದದ್ದು ಚಿಟ್ಟೆಯಲ್ಲ, ಪತಂಗ. ಇಂಗ್ಲಿಷಿನಲ್ಲಿ ಅಟ್ಲಾಸ್ ಮಾತ್. ಮುಂದಿನ ರೆಕ್ಕೆಯ ತುದಿ ಹಾವಿನ ತಲೆಯ ಹಾಗಿರುವುದರಿಂದ ಮಲಯಾಳಂನಲ್ಲಿ ನಾಗಶಲಭಂ ಎನ್ನುತ್ತಾರೆ. ನಾವೂ ನಾಗಪತಂಗ ಅನ್ನಬಹುದು, ಅಲ್ವಾ? ನಮ್ಮ ಕಡೆಯದರ ವೈಜ್ಞಾನಿಕ ಹೆಸರು ಅಟ್ಟಾಕಸ್ ಟ್ಯಾಪ್ರೊಬಾನಿಸ್. ಶ್ರೀಲಂಕಾದಲ್ಲೂ ಇದೆ. ಅತಿ ದೊಡ್ಡದು ಅನ್ನುವುದೂ ಸರಿಯಲ್ಲ, ದಕ್ಷಿಣ ಅಮೆರಿಕದ ಒಂದು ಬಿಳಿ ಪತಂಗದ ರೆಕ್ಕೆ ಇದಕ್ಕಿಂತ ಅಗಲ.

2019ರ ಸೆಪ್ಟೆಂಬರಿನಲ್ಲಿ ಒಂದು ನಮ್ಮ ಜಗಲಿಯ ಕಂಬದಲ್ಲಿ ಇಡೀ ದಿನ ಕೂತಿತ್ತು. ಮುಟ್ಟದೆ ಟೇಪು ಹಿಡಿದು ನೋಡಿದೆ. ಎಂಟೂವರೆ ಇಂಚು. ಒಂದೊಂದು ರೆಕ್ಕೆಯಲ್ಲೂ ಒಂದು ಮುಕ್ಕೋನದ ಕಿಟಕಿ. ಆ ಜಾಗದಲ್ಲಿ ಹುಡಿಯೇ ಇಲ್ಲ, ಆಚೆಯ ಕಂಬದ ಬಿರುಕು ಕಾಣುತ್ತದೆ. ಯಾರೋ ನೆಟ್ ಬಟ್ಟೆಯ ತೇಪೆ ಹಾಕಿ ಅಂಚು ಮಡಚಿ ಹೊಲಿದ ಹಾಗೆ. ಪಕ್ಕದ ಮನೆಯ ಅಕ್ಕ ಪಾಪ ಅಂತ ಸಕ್ಕರೆ ನೀರು ತಂದಿಟ್ಟರು. ಅದಕ್ಕೆ ತಿನ್ನಲು ಬಾಯಿಯೇ ಇಲ್ಲ. ಕಂಬಳಿಹುಳವಾಗಿದ್ದಾಗ ತಿಂದು ಕೂಡಿಟ್ಟದ್ದರಲ್ಲಿ ಒಂದು ವಾರದಷ್ಟು ಬದುಕಿ, ಜೋಡಿ ಕೂಡಿ, ಮೊಟ್ಟೆ ಇಟ್ಟು ಮುಗಿಯಿತು. ಗಂಡಿನ ಮೀಸೆ ಹಕ್ಕಿಯ ಗರಿಯಂತೆ ಅಗಲ, ಹೆಣ್ಣಿನ ವಾಸನೆ ಹಿಡಿಯಲು. ನಿಮ್ಮ ಫೋಟೋದ್ದು ಗಂಡು. ಪಕ್ಕದಲ್ಲಿದ್ದ ಸ್ವಿಚ್ ಬೋರ್ಡ್ ಲೆಕ್ಕ ಹಾಕಿದರೆ ಸುಮಾರು ಎಂಟು ಇಂಚು.

ಇನ್ನು ಅಪರೂಪ ಅನ್ನುವ ಮಾತು. ನನ್ನ ಪುಸ್ತಕದಲ್ಲಿ ಇದು ಐದು ಸಲ ಬಂದಿದೆ. ಹಿತ್ತಲ ದಾಲ್ಚಿನ್ನಿ ಮರದಲ್ಲಿ ಎರಡು ಸಲ ಗೂಡೂ ಸಿಕ್ಕಿದೆ. ಆ ಮರ ಇರುವ ಮನೆಗಳಲ್ಲೆಲ್ಲ ಒಮ್ಮೆ ಕತ್ತೆತ್ತಿ ನೋಡಿ ಅಂತ ನೀವು ಬರೆದಿದ್ದರೆ ಎಷ್ಟು ಜನ ನೋಡುತ್ತಿದ್ದರೋ.

ನಾನೂ ದೊಡ್ಡ ಜಾಣೆಯಲ್ಲ. ಅಂಗಳದ ನಂದಿಬಟ್ಟಲು ಗಿಡಕ್ಕೆ ಬೆರಳು ದಪ್ಪದ ಹಸಿರು ಹುಳ ಬೀಳುತ್ತಿತ್ತು. ಪೂಜೆಗೆ ಹೂವಿಲ್ಲ ಅಂತ ಅತ್ತೆಗೆ ಸಿಟ್ಟು. ಚಿಮಿಣಿ ಎಣ್ಣೆಯ ಡಬ್ಬಕ್ಕೆ ಹಾಕಿ ವರ್ಷಗಟ್ಟಲೆ ಕೊಂದೆ. ಒಂದು ದಿನ ಕಡ್ಡಿಯಲ್ಲಿ ಮುಟ್ಟಿದಾಗ ಅದು ತಲೆ ಒಳಗೆಳೆದುಕೊಂಡಿತು. ಹಿಂದೆ ಎರಡು ನೀಲಿ ಕಣ್ಣು ಅರಳಿದವು. ಸುಳ್ಳು ಕಣ್ಣು, ಬರೀ ಬಣ್ಣ. ಆದರೂ ನನ್ನ ಕೈ ಹಿಂದೆ ಬಂತು. ಒಂದನ್ನು ಮಣ್ಣು, ತರಗೆಲೆ ಹಾಕಿದ ಬಾಟಲಿಯಲ್ಲಿಟ್ಟೆ. ಬಣ್ಣ ಕಂದಾಗಿ ತರಗೆಲೆಯ ಅಡಿಗೆ ಹೋಯಿತು. ಹದಿಮೂರನೆಯ ದಿನ ಹೊರಗೆ ಬಂದದ್ದು ಹಸಿರು, ಗುಲಾಬಿ, ಬಿಳಿ ಅಲೆ ಅಲೆಯ ಪತಂಗ. ಇಪ್ಪತ್ತು ವರ್ಷ ಬಟ್ಟೆ ಮುಟ್ಟಿದವಳು ನಾನು, ಅಂಥ ಪ್ರಿಂಟ್ ಕಂಡಿಲ್ಲ. ಈಗ ಆ ಗಿಡದ ಅರ್ಧ ಅತ್ತೆಯ ದೇವರಿಗೆ, ಅರ್ಧ ಹುಳಕ್ಕೆ.

ತಾರೀಕಿನ ಬೆಲೆ ನನಗೆ ಗೊತ್ತಾದದ್ದು ಲೈಟ್‌ನಿಂದ. 2021ರಲ್ಲಿ ಹಳೆ ಟ್ಯೂಬ್ ತೆಗೆದು ಎಲ್‌ಇಡಿ ಹಾಕಿದೆವು. ಆ ಮಳೆಗಾಲ ಪತಂಗ ಅರ್ಧಕ್ಕೆ ಇಳಿಯಿತು. ತೋಟದ ಮದ್ದಿನಿಂದ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಪುಸ್ತಕ ತಿರುವಿದರೆ ಕಮ್ಮಿ ಆದದ್ದು ಬಲ್ಬ್ ಬದಲಿಸಿದ ವಾರದಿಂದಲೇ! ಪತಂಗವನ್ನು ಸೆಳೆಯುವ ನೇರಳಾತೀತ ಬೆಳಕು ಮನೆಯ ಎಲ್‌ಇಡಿಯಲ್ಲಿ ಇಲ್ಲವೆಂಬಷ್ಟು ಕಮ್ಮಿ. ಈಗ ಶನಿವಾರ ಮಾತ್ರ ಹಳೆ ಟ್ಯೂಬ್ ಹಾಕಿ, ಅದರ ಮುಂದೆ ಬಿಳಿ ಪಂಚೆ ಕಟ್ಟುತ್ತೇನೆ. ಹತ್ತು ಗಂಟೆಗೆ ಆರಿಸುತ್ತೇನೆ. ಇಲ್ಲದಿದ್ದರೆ ಬೆಳಿಗ್ಗೆ ಮಡಿವಾಳ ಹಕ್ಕಿ ಬಂದು ಎಲ್ಲವನ್ನೂ ತಿಂದು, ನನಗೆ ಲೆಕ್ಕಕ್ಕೆ ರೆಕ್ಕೆ ಮಾತ್ರ ಬಿಟ್ಟಿರುತ್ತದೆ. (ಜುಲೈ ಕೊನೆಯಲ್ಲಿ ಪತಂಗ ಸಪ್ತಾಹ ಅಂತ ಇದೆ, 2012ರಲ್ಲಿ ಅಮೆರಿಕದವರು ಶುರು ಮಾಡಿದ್ದು. ನಮಗದು ಆಟಿ, ತುಳುವಿನ ಜಡಿಮಳೆಯ ತಿಂಗಳು. ಪಂಚೆ ಕಟ್ಟಿದರೆ ಪಂಚೆಯೇ ಹಾರಿಹೋಗುತ್ತದೆ. ಮೇ ಕೊನೆಯ ಪತ್ತನಾಜೆಯ ಹೊತ್ತಿನ ಮೊದಲ ಮಳೆಗೆ ನೋಡಿ, ಬರೆಯಲು ಕೈ ಸಾಲುವುದಿಲ್ಲ.)

ಈ ಬರೆದಿಡುವ ಹುಚ್ಚು ನಮ್ಮ ಊರಿಗೆ ಯಾಕೆ ಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ. 2000ದವರೆಗೂ ನಮ್ಮ ಗುಡ್ಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಜೇನು ಸತ್ತದ್ದನ್ನು ಅಮ್ಮ ಹೇಳುತ್ತಲೇ ಇದ್ದರು. ಯಾವ ತಿಂಗಳು, ಎಷ್ಟು ಪೆಟ್ಟಿಗೆ ಅಂತ ಕೇಳಿದರೆ ಸುಮ್ನೆ ಕೂರುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ.

ಮಗಳು ನನ್ನ ಫೋಟೋಗಳನ್ನು ಐನ್ಯಾಚುರಲಿಸ್ಟ್‌ಗೆ, ಅಂದರೆ ಕಂಡ ಜೀವಿಗಳನ್ನು ಜನರೇ ದಾಖಲಿಸುವ ವೆಬ್‌ಸೈಟಿಗೆ, ಹಾಕುತ್ತಾಳೆ. ಎಷ್ಟೇ ಚೆಂದದ ಫೋಟೋ ಆದರೂ ತಾರೀಕು, ಜಾಗ ಇಲ್ಲದಿದ್ದರೆ ಅಲ್ಲಿ ಅದು ಸಂಶೋಧನೆಯ ದರ್ಜೆಗೆ ಏರುವುದಿಲ್ಲ. ನಿಮ್ಮ ಪತ್ರಿಕೆಯನ್ನು ನಮ್ಮ ಗಡಿಯೂರುಗಳಲ್ಲಿ ಮನೆ ಮನೆಯಲ್ಲಿ ಓದುತ್ತಾರೆ. ವರ್ಷಕ್ಕೆ ನಾಲ್ಕೈದು ಇಂಥ ಫೋಟೋ ಹಾಕುತ್ತೀರಿ. ಕೆಳಗೆ ದಿನ, ಊರು, ಗಿಡ ಅಂತ ಒಂದು ಗೆರೆ ಸೇರಿಸಿದರೆ ಎರಡು ಸೆಂಟಿಮೀಟರ್ ಜಾಗವೂ ಬೇಡ. ‘ಅಪರೂಪದ’ ಅನ್ನುವುದನ್ನು ತೆಗೆದರೆ ಆ ಜಾಗವೂ ಸಿಗುತ್ತದೆ.

ಕಳೆದ ವಾರದ ಫೋಟೋ ತೆಗೆದವರನ್ನು ಒಮ್ಮೆ ಕೇಳಿ ತಿಳಿಸಿ. ಗಂಡು, ಎಂಟು ಇಂಚು ಅಂತ ಬರೆದು, ತಾರೀಕು ಮತ್ತು ಊರಿನ ಜಾಗ ಖಾಲಿ ಬಿಟ್ಟಿದ್ದೇನೆ.

– ಹೊಲಿಗೆ ಕೆಲಸದ ಒಬ್ಬ ಓದುಗಾರ್ತಿ, ಪೆರ್ಲ, ಕಾಸರಗೋಡು ಜಿಲ್ಲೆ