ಗೋಡೆಯ ಮೇಲಿನ ಕಾಡಿನಲ್ಲಿ ಅಕೇಶಿಯಾ ಯಾಕಿಲ್ಲ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ದಸರಾ ರಜೆ ಮುಗಿದ ಮೇಲೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ, ಮಕ್ಕಳು ಶಾಲೆಯ ಗೋಡೆಗೆ ನಮ್ಮೂರ ತೋಟ, ಕಾಡು, ಹೊಳೆ ಬರೆಯುತ್ತಿರುವ ಗೋಡೆ ಚಿತ್ರದ ಬಗ್ಗೆ ಸುಮಾರು ಮಾತು ಆಗಿದೆ. ಕೆಲವರು ಫೋನ್ ಮಾಡಿದಿರಿ, ಇಬ್ಬರು ಶಾಲೆಗೇ ಬಂದು ಕೇಳಿದಿರಿ. ಒಬ್ಬೊಬ್ಬರಿಗೆ ಒಂದೊಂದು ಥರ ಉತ್ತರ ಹೋಗುವುದು ಬೇಡ ಅಂತ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಪತ್ರ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಪೂರ್ತಿ ಓದಿ.

ಮೊದಲು ಆ ಮಗುವಿನ ವಿಷಯ. ಆರನೇ ತರಗತಿಯ ಹುಡುಗಿಯೊಬ್ಬಳು ಗೋಡೆಗೆ ಅಂತ ಬರೆದುಕೊಂಡು ಬಂದ ಚಿತ್ರವನ್ನು ನಾವು ವಾಪಸ್ ಕೊಟ್ಟೆವು. ಅವಳು ಮನೆಗೆ ಹೋಗಿ ಅತ್ತಳು. ಇದು ನಿಜ, ಮುಚ್ಚಿಡುವುದೇನಿಲ್ಲ. ಅವಳು ಬರೆದದ್ದು ತನ್ನ ಮನೆ ಹಿಂದಿನ ಗುಡ್ಡ. ಸಾಲು ಸಾಲು ಅಕೇಶಿಯಾ. ಅದರಲ್ಲಿ ಒಂದು ದಪ್ಪ ಮರದಲ್ಲಿ ಪೊಟರೆ, ಪೊಟರೆಯೊಳಗಿಂದ ಕೊಕ್ಕು ಚಾಚಿದ ಹೆಣ್ಣು ಮಂಗಟ್ಟೆ (ಹಾರ್ನ್‌ಬಿಲ್), ಹೊರಗೆ ಹಣ್ಣು ಕಚ್ಚಿಕೊಂಡು ಕೂತ ಗಂಡು. ಕೊಕ್ಕಿನ ಹಳದಿ ಎಷ್ಟು ಚೆನ್ನಾಗಿ ಹಾಕಿದ್ದಳು ಅಂದರೆ, ನಾನು ಆ ಹಾಳೆಯನ್ನು ಎರಡು ಸಲ ಕೈಗೆ ತೆಗೆದುಕೊಂಡು ನೋಡಿದೆ. ಅವಳ ಅಮ್ಮ ಬಂದು ಕೇಳಿದ್ದು ಒಂದೇ ಮಾತು: "ನೋಡಿದ್ದನ್ನೇ ಬರೀರಿ ಅಂತ ನೀವೇ ಹೇಳಿದ್ರಿ. ಅವಳು ದಿನಾ ನೋಡೋ ಗುಡ್ಡಾನೇ ಬರ್ದಿದಾಳೆ. ಅದ್ರಲ್ಲಿ ತಪ್ಪೇನಿದೆ ಟೀಚರ್?"

ಆ ಪ್ರಶ್ನೆ ನನ್ನನ್ನು ಎರಡು ದಿನ ಬಿಡಲಿಲ್ಲ.

ನಮ್ಮ ಕಡೆಯಿಂದ ಆದ ತಪ್ಪು ಏನು ಅಂತ ಹೇಳುತ್ತೇನೆ. ಜುಲೈನಲ್ಲಿ "ಕಣ್ಣಿಗೆ ಕಂಡಿದ್ದನ್ನು ಬರೆಯಿರಿ, ಮೊಬೈಲ್ ನೋಡಿ ಬರೆಯಬೇಡಿ" ಅಂದೆವು. ಸೆಪ್ಟೆಂಬರಿನಲ್ಲಿ "ನಮ್ಮ ಕಾಡಿನದ್ದು ಮಾತ್ರ ಬರೆಯಿರಿ" ಅಂದೆವು. ಎರಡೂ ಒಂದೇ ಅಂತ ನಾವು ಅಂದುಕೊಂಡಿದ್ದೆವು, ಆದರೆ ಒಂದಲ್ಲ. ನಮ್ಮೂರಲ್ಲಿ ಕಣ್ಣಿಗೆ ಕಾಣುವುದೆಲ್ಲ ನಮ್ಮ ಕಾಡಿನದ್ದಲ್ಲ. ಇದನ್ನು ಮಕ್ಕಳಿಗೆ ಮೊದಲೇ ಕೂರಿಸಿಕೊಂಡು ಬಿಡಿಸಿ ಹೇಳಬೇಕಿತ್ತು. ಹೇಳದೆ ಹಾಳೆ ವಾಪಸ್ ಕೊಟ್ಟಿದ್ದು ಸರಿಯಲ್ಲ. ಆ ಹುಡುಗಿಯ ಹತ್ತಿರ ನಾನು ಮಾತಾಡಿದ್ದೇನೆ, ಅವಳ ಅಮ್ಮನ ಹತ್ತಿರವೂ ಮಾತಾಡಿದ್ದೇನೆ.

ಆದರೆ ನಿಯಮ ಹಾಗೇ ಇರುತ್ತದೆ. ಗೋಡೆಯ ಕಾಡಿನ ಭಾಗದಲ್ಲಿ ಅಕೇಶಿಯಾ ಬರುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳದೆ ಕೇಳಿ. ಅಕೇಶಿಯಾ ಕೆಟ್ಟ ಮರ ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯ ಬಚ್ಚಲು ಒಲೆಗೂ ಅದೇ ಸೌದೆ. ನಿಮ್ಮಲ್ಲಿ ಕೆಲವರ ಮನೆಯ ಬಾಗಿಲು, ಮಂಚ ಅದರದ್ದೇ ಇರಬಹುದು. ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ಬೋಳು ಗುಡ್ಡದಲ್ಲೂ ಏಳುತ್ತದೆ ಅಂತಲೇ ಅದನ್ನು ಹಾಕಿದ್ದು. ಅದರ ಮೂಲ ಆಸ್ಟ್ರೇಲಿಯಾ, ನ್ಯೂಗಿನಿ ಕಡೆ. ಮಲೆನಾಡಿನಲ್ಲಿ ಅದು ಹೆಚ್ಚಾಗಿ ಹಬ್ಬಿದ್ದು 1980ರ ದಶಕದಿಂದ ಈಚೆಗೆ. ಅದಕ್ಕೆ ಮುಂಚೆ ಇದೇ ಗುಡ್ಡದಲ್ಲಿ ಏನಿತ್ತು ಅಂತ ನನಗಿಂತ ನಿಮ್ಮ ಮನೆಯ ಹಿರಿಯರಿಗೆ ಚೆನ್ನಾಗಿ ಗೊತ್ತು. ಮತ್ತಿ, ಹೊನ್ನೆ, ನಂದಿ, ನೇರಳೆ, ಹೆಬ್ಬಲಸು, ಉಪ್ಪಾಗೆ, ಮುರುಗಲು. ಕೊಟ್ಟಿಗೆಗೆ ಸೊಪ್ಪು ತರುತ್ತಿದ್ದ ಬೆಟ್ಟ ಅದು. ಅಕೇಶಿಯಾ ತರಗು ಗೊಬ್ಬರದ ಗುಂಡಿಯಲ್ಲಿ ಬೇಗ ಕರಗುವುದಿಲ್ಲ ಅನ್ನುವುದು ತೋಟ ಇರುವವರಿಗೆ ನಾನು ಹೇಳಬೇಕಾಗಿಲ್ಲ ಅಲ್ವಾ?

ಈಗ ಮಂಗಟ್ಟೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಚಿತ್ರ ವಾಪಸ್ ಬಂದಿದ್ದು ಅದಕ್ಕೇ. ಮಂಗಟ್ಟೆ ಗೂಡು ಕಟ್ಟುವುದಿಲ್ಲ, ಪೊಟರೆ ಹುಡುಕುತ್ತದೆ. ಹೆಣ್ಣು ಒಳಗೆ ಹೋಗಿ, ತನ್ನ ಹಿಕ್ಕೆಯನ್ನೇ ಗಾರೆಯ ಹಾಗೆ ಮೆತ್ತಿ ಬಾಯಿ ಮುಚ್ಚಿಕೊಳ್ಳುತ್ತದೆ. ಕೊಕ್ಕಿನ ತುದಿ ಹೊರಗೆ ಬರುವಷ್ಟು ಸಣ್ಣ ಸೀಳು ಮಾತ್ರ ಬಿಟ್ಟಿರುತ್ತದೆ. ಮೊಟ್ಟೆಯಿಟ್ಟು ಮರಿ ಮಾಡುವವರೆಗೆ, ವಾರಗಟ್ಟಲೆ, ಗಂಡು ಆ ಸೀಳಿನಲ್ಲೇ ಹಣ್ಣು ತಂದು ಕೊಡಬೇಕು. ಆಲ, ಬಸರಿ, ಅತ್ತಿ ಜಾತಿಯ ಹಣ್ಣು, ರಾಮಪತ್ರೆ, ಇಂಥವು. ಅಷ್ಟು ದೊಡ್ಡ ಹಕ್ಕಿ ಹಿಡಿಸುವ ಪೊಟರೆ ಆಗಬೇಕಾದರೆ ಮರಕ್ಕೆ ಎಷ್ಟು ವಯಸ್ಸಾಗಿರಬೇಕು ಯೋಚನೆ ಮಾಡಿ. ಹತ್ತು ಹನ್ನೆರಡು ವರ್ಷಕ್ಕೆ ಕಡಿದು ಲಾರಿಗೆ ಹಾಕುವ ಮರದಲ್ಲಿ ಅದು ಎಲ್ಲಿ ಆಗುತ್ತದೆ? "ಅಕೇಶಿಯಾ ಮೇಲೆ ಮಂಗಟ್ಟೆ ಕೂತಿದ್ದು ನಾನೇ ನೋಡಿದೀನಿ" ಅಂತ ಒಬ್ಬ ತಂದೆ ಹೇಳಿದರು. ಕೂತಿರಬಹುದು, ನಾನು ಇಲ್ಲ ಅನ್ನುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಾವೂ ಕೂರುತ್ತೇವೆ, ಅಲ್ಲಿ ಬಾಣಂತನ ಮಾಡುವುದಿಲ್ಲವಲ್ಲ.

ನಮ್ಮ ಚಿತ್ರಕಲೆ ಮೇಷ್ಟ್ರು ಮಕ್ಕಳಿಗೆ ಕೇಳುವುದು ಇದನ್ನೇ. ಪ್ರಾಣಿ ಬರೆದರೆ, ಇದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಮರಿ ಎಲ್ಲಿಡುತ್ತದೆ? ಆ ಮೂರೂ ಅದೇ ಚಿತ್ರದಲ್ಲಿ ಇರಬೇಕು. ಇಲ್ಲದಿದ್ದರೆ ಅದು ಬರೀ ಹಕ್ಕಿಯ ಚಿತ್ರ, ಹಕ್ಕಿಯ ಮನೆಯ ಚಿತ್ರ ಅಲ್ಲ. ಗೋಡೆಗೆ ನಾವು ಬರೆಸುತ್ತಿರುವುದು ಮನೆಯನ್ನು.

ಅಡಿಕೆಯನ್ನೂ ತೆಗೆದುಬಿಟ್ಟಿದ್ದಾರೆ ಅನ್ನುವ ಸುದ್ದಿ ಹಬ್ಬಿದೆ. ಅದು ಸುಳ್ಳು. ಗೋಡೆಯಲ್ಲಿ ಮೂರು ಭಾಗ ಇದೆ: ತೋಟ, ಬೆಟ್ಟ (ಅಂದರೆ ಕಾಡು), ಹೊಳೆ. ಅಡಿಕೆಯೂ ಹೊರಗಿನಿಂದ ಬಂದದ್ದೇ, ಆಗ್ನೇಯ ಏಷ್ಯಾದ ಕಡೆಯದು. ಆದರೆ ತೋಟ ಮನುಷ್ಯರು ಮಾಡಿದ್ದು, ಅದರಲ್ಲಿ ಅಡಿಕೆ ಇರಲೇಬೇಕು, ಇದೆ. ಅದಕ್ಕೆ ಹಬ್ಬಿದ ಕರಿಮೆಣಸು ಮಾತ್ರ ನಮ್ಮ ಘಟ್ಟದ್ದೇ ಬಳ್ಳಿ. ತೋಟದ ಭಾಗದಲ್ಲಿ ಗೇರು, ಪಪ್ಪಾಯಿ ಏನು ಬೇಕಾದರೂ ಬರೆಯಲಿ. ಬೆಟ್ಟದ ಭಾಗದಲ್ಲಿ ಬೇಡ ಅಂತ ಅಷ್ಟೇ. ಗುಲ್‌ಮೊಹರ್ ಅಂದರೆ ನಾವು ಮೇ ಫ್ಲವರ್ ಅನ್ನುವ ಮರ. ಅದು ಮಡಗಾಸ್ಕರ್‌ನದ್ದು, ಅದಕ್ಕೆ ನಮ್ಮ ಶಾಲೆಯ ಅಂಗಳದಲ್ಲಿ ಜಾಗ ಇದೆ, ಗೋಡೆಯ ಬೆಟ್ಟದಲ್ಲಿ ಇಲ್ಲ.

ಗೋಡೆಗೆ ಸಿಂಹ ಯಾಕೆ ಬೇಡ ಅಂತ ನಾಲ್ಕು ಜನ ಕೇಳಿದಿರಿ. ಶಿವಮೊಗ್ಗದ ಹತ್ತಿರ ತ್ಯಾವರೆಕೊಪ್ಪದಲ್ಲಿ ಇದೆಯಲ್ಲ ಅಂತ. ಇದೆ, ಸಫಾರಿಯಲ್ಲಿ, ತಂದು ಸಾಕಿದ್ದು. ನಮ್ಮ ದೇಶದಲ್ಲಿ ಸಿಂಹ ಕಾಡಿನಲ್ಲಿ ಇರುವುದು ಗುಜರಾತಿನ ಗಿರ್ ಕಡೆ ಮಾತ್ರ. ಚಿಕ್ಕ ಮಕ್ಕಳಿಗೆ ಸಿಂಹ ಬರೆಯುವ ಆಸೆ, ಅದು ಸಹಜ, ನೋಟ್‌ಬುಕ್ಕಿನಲ್ಲಿ ಬರೆಯಲಿ. ಗೋಡೆಗೆ ಸಿಂಗಳೀಕ ಬರೆಯುತ್ತಿದ್ದಾರೆ. ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಕೂದಲು, ಬಾಲದ ತುದಿಯಲ್ಲಿ ಸಿಂಹದ ಹಾಗೇ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಅದು ಇಲ್ಲ, ನಮ್ಮ ಶರಾವತಿ ಕಣಿವೆಯಲ್ಲಿ ಇದೆ. ಅದರ ಹೆಸರಿನಲ್ಲೇ 2019ರಲ್ಲಿ ಅಭಯಾರಣ್ಯ ಆಗಿದೆ. ಇಷ್ಟು ಹತ್ತಿರ ಇರುವ ಪ್ರಾಣಿ, ನಮ್ಮ ಶಾಲೆಯ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಅದಕ್ಕೂ ಮುಸುವನಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ನನಗೆ ನಿಜಕ್ಕೂ ಸಂಕಟ ಆಯಿತು.

ಹಾವು ಮತ್ತು ಗೂಬೆ. ಕಾಳಿಂಗ ಸರ್ಪವನ್ನು ಗೋಡೆಯ ಕೆಳಗೆ, ಚಪ್ಪಲಿ ಬಿಡುವ ಜಾಗದ ಪಕ್ಕ ಗುರುತು ಹಾಕಿದ್ದೆವು. ಅದು ಸರಿಯಲ್ಲ ಅಂತ ಹೇಳಿದವರ ಮಾತಿಗೆ ನನ್ನ ಒಪ್ಪಿಗೆ ಇದೆ. ಈಗ ಮೇಲಕ್ಕೆ, ಬೆಟ್ಟದ ನಡುವೆ ಬಿದಿರಿನ ಬುಡಕ್ಕೆ ತಂದಿದ್ದೇವೆ. ತರಗೆಲೆ ಗುಡ್ಡೆ ಹಾಕಿ ಗೂಡು ಮಾಡುವ ಹಾವು ಅದೊಂದೇ, ಹಾಗಾಗಿ ತರಗಿನ ರಾಶಿಯ ಜೊತೆಗೇ ಬರೆಯುತ್ತಾರೆ. ಗೂಬೆಯನ್ನು ಮಾತ್ರ ತೆಗೆಯುವುದಿಲ್ಲ. ಭತ್ತದ ಕಣಜದ ಇಲಿ ತಿನ್ನುವ ಹಕ್ಕಿಯನ್ನು ಅಪಶಕುನ ಅಂತ ಶಾಲೆಯೇ ಅಳಿಸಿದರೆ ನಾಳೆ ವಿಜ್ಞಾನದ ಪಾಠ ಹೇಗೆ ಮಾಡಲಿ ಹೇಳಿ.

ಸೆಪ್ಟೆಂಬರಿನಲ್ಲಿ ಮಕ್ಕಳನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋಗಿದ್ದಕ್ಕೆ ಇಬ್ಬರು ಆಕ್ಷೇಪ ಹೇಳಿದ್ದೀರಿ. ಉಂಬಳ (ಜಿಗಣೆ) ಕಚ್ಚಿದ್ದು ನಿಜ, ಉಪ್ಪು ಸುಣ್ಣ ತೆಗೆದುಕೊಂಡೇ ಹೋಗಿದ್ದೆವು. ಮಂಗನ ಕಾಯಿಲೆಯ ಭಯವನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 1957ರಲ್ಲಿ ಅದು ಮೊದಲು ಕಂಡಿದ್ದೇ ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡು ಕಡೆಯ ಮನೆಗಳು ಪಟ್ಟ ಪಾಡು ಯಾರೂ ಮರೆತಿಲ್ಲ. ಅದನ್ನು ಹರಡುವ ಉಣುಗಿನ ಕಾಟ ಚಳಿ ಶುರುವಾದ ಮೇಲೆ ಮಳೆ ಹಿಡಿಯುವ ತನಕ ಜಾಸ್ತಿ. ಅದಕ್ಕೇ ಮಳೆಯಲ್ಲೇ ಹೋಗಿ ಬಂದೆವು, ಕಾಡಿನೊಳಗೆ ಹೋಗಲಿಲ್ಲ. ನವೆಂಬರಿನಿಂದ ಈ ವರ್ಷ ಇನ್ನು ಯಾವ ತಿರುಗಾಟವೂ ಇಲ್ಲ.

ಆ ಒಂದು ಗಂಟೆಯಲ್ಲಿ ಏನಾಯಿತು ಅಂತಲೂ ಹೇಳಬೇಕು. ಬೇಲಿಯ ಮೇಲೆ ಗೌರಿ ಹೂವು ಬಿಟ್ಟಿತ್ತು. ಎಲ್ಲರೂ ಕೆಂಪು ಹಳದಿ ಬಣ್ಣ ನೋಡುತ್ತಿದ್ದರೆ, ನಾಲ್ಕನೇ ತರಗತಿಯ ಒಂದು ಮಗು ಎಲೆ ಹಿಡಿದುಕೊಂಡು ನಿಂತಿತ್ತು. "ಟೀಚರ್, ಇದರ ಎಲೆಯ ತುದಿನೇ ಸುತ್ತಿಕೊಂಡು ಬೇಲಿ ಹಿಡಿದಿದೆ." ಮೂವತ್ತು ವರ್ಷದಿಂದ ಆ ಹೂವನ್ನು ಗೌರಿಗೆ ಏರಿಸುತ್ತಾ ಬಂದವಳು ನಾನು, ಎಲೆಯನ್ನು ಹಾಗೆ ನೋಡಿರಲಿಲ್ಲ. ಈಗ ಗೋಡೆಯ ಮೇಲಿನ ಗೌರಿ ಬಳ್ಳಿಯಲ್ಲಿ ಒಂದೊಂದು ಎಲೆಯ ತುದಿಯೂ ಏನನ್ನಾದರೂ ಹಿಡಿದುಕೊಂಡಿದೆ, ಬಂದು ನೋಡಿ. ಗೆಡ್ಡೆ ವಿಷ ಅಂತಲೂ ಮಕ್ಕಳಿಗೆ ಹೇಳಿದ್ದೇವೆ.

ಏಳನೇ ತರಗತಿಯ ಹುಡುಗ ಕುಂಬಾರ ಕಪ್ಪೆ ಬರೆಯುತ್ತಿದ್ದಾನೆ. ನಮ್ಮ ಪಕ್ಕದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಸಿಕ್ಕ ಕಪ್ಪೆ ಅದು, 2014ರಲ್ಲಿ ವಿಜ್ಞಾನಿಗಳು ಕನ್ನಡದ ಕುಂಬಾರ ಅನ್ನುವ ಪದವನ್ನೇ ಅದಕ್ಕೆ ಹೆಸರಾಗಿ ಇಟ್ಟರು. ಹೆಣ್ಣು ಮೊಟ್ಟೆ ಇಟ್ಟು ಹೋದ ಮೇಲೆ ಗಂಡು ಮುಂಗಾಲಿನಲ್ಲಿ ಕೆಸರು ಎತ್ತಿ ಮೊಟ್ಟೆಗೆ ಮೆತ್ತುತ್ತದೆ, ಮಡಕೆಗೆ ಮಣ್ಣು ಬಳಿದ ಹಾಗೆ. ಡಬ್ಬಿಯ ಕಂದು ಬಣ್ಣ ಯಾವುದೂ ಸರಿ ಬರಲಿಲ್ಲ ಅಂತ ಆ ಹುಡುಗ ಹಳ್ಳದ ಕೆಸರನ್ನೇ ತೆಂಗಿನ ಚಿಪ್ಪಿನಲ್ಲಿ ತಂದು ಬಣ್ಣಕ್ಕೆ ಕಲಸಿ ನೋಡಿದ. ಆ ಒಂದು ಕಪ್ಪೆಗೆ ಅವನು ನಾಲ್ಕು ದಿನ ತೆಗೆದುಕೊಂಡಿದ್ದಾನೆ. ಮೊಬೈಲಿನಿಂದ ಪೆಂಗ್ವಿನ್ ಇಳಿಸಿಕೊಂಡು ಬರೆದಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ನಾವು ಹಟ ಹಿಡಿದಿದ್ದು ಯಾಕೆ ಅಂತ ಆ ಚಿಪ್ಪು ನೋಡಿದರೆ ನಿಮಗೂ ಗೊತ್ತಾಗುತ್ತದೆ.

ಮತ್ತೆ ಅಕೇಶಿಯಾಗೆ ಬರುತ್ತೇನೆ, ಯಾಕೆಂದರೆ ಇನ್ನೂ ಕೆಲವರಿಗೆ ಸಮಾಧಾನ ಆಗಿಲ್ಲ ಅಂತ ಗೊತ್ತು. ನಿಮ್ಮ ಗುಡ್ಡದಲ್ಲಿ ಅಕೇಶಿಯಾ ಹಾಕಿದ್ದು ತಪ್ಪು ಅಂತ ಶಾಲೆ ಹೇಳುತ್ತಿಲ್ಲ. ಅದನ್ನು ಬರೆದ ಮಗುವಿಗೆ ಚಿತ್ರ ಬರುವುದಿಲ್ಲ ಅಂತಲೂ ಅಲ್ಲ. ಗೋಡೆ ಚಿತ್ರಕ್ಕೆ ಅಂಕವೇ ಇಲ್ಲ, ಹಾಗಾಗಿ ಯಾರ ಅಂಕವನ್ನೂ ಕಡಿದಿಲ್ಲ. ಆ ಹುಡುಗಿಯ ಹಾಳೆಗೆ ಚೌಕಟ್ಟು ಹಾಕಿಸಿ ಆಫೀಸು ರೂಮಿನಲ್ಲಿ ಇಡುತ್ತೇವೆ, ಕೆಳಗೆ "ನಮ್ಮ ಮನೆ ಹಿಂದಿನ ಗುಡ್ಡ, ಈಗ" ಅಂತ ಅವಳೇ ಬರೆಯುತ್ತಾಳೆ. ಗೋಡೆಯ ಮೇಲೆ ಅದೇ ಗುಡ್ಡ, ಅಕೇಶಿಯಾ ಬರುವುದಕ್ಕೆ ಮುಂಚೆ ಹೇಗಿತ್ತು ಅಂತ ಬರೆಯಲು ಅವಳು ಒಪ್ಪಿದ್ದಾಳೆ. ಮರಗಳ ಹೆಸರು ಕೇಳಲು ಮೊನ್ನೆ ಭಾನುವಾರ ಅಜ್ಜನ ಜೊತೆ ಕೂತಿದ್ದಳಂತೆ. ಅಜ್ಜ ಹನ್ನೊಂದು ಹೆಸರು ಹೇಳಿದರಂತೆ, ಅದರಲ್ಲಿ ಮೂರು ನಮ್ಮ ಮೇಷ್ಟ್ರಿಗೂ ಗೊತ್ತಿಲ್ಲ. ಮಂಗಟ್ಟೆಗೆ ಈಗ ಹಳೆಯ ಧೂಪದ ಮರದಲ್ಲಿ ಪೊಟರೆ ಸಿಕ್ಕಿದೆ.

ರಾಜ್ಯೋತ್ಸವದ ಹೊತ್ತಿಗೆ ಗೋಡೆ ಮುಗಿಯಬೇಕು. ಬೆಟ್ಟದ ಎಡ ಮೂಲೆ ಇನ್ನೂ ಖಾಲಿ ಇದೆ.

ಈ ಶುಕ್ರವಾರದೊಳಗೆ ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅವರ ಕಾಲದಲ್ಲಿ ಬೆಟ್ಟದಲ್ಲಿದ್ದ ಒಂದು ಮರದ ಹೆಸರನ್ನು, ಮನೆಯಲ್ಲಿ ಕರೆಯುವ ಹಾಗೇ, ಚೀಟಿಯಲ್ಲಿ ಬರೆದು ಮಗುವಿನ ಕೈಯಲ್ಲಿ ಕಳಿಸಿ.

ಇಂತಿ,
ನಿಮ್ಮ ಮಕ್ಕಳ ಶಾಲೆಯ ಮುಖ್ಯ ಶಿಕ್ಷಕಿ