ಭಾನುವಾರ ಹೊರಡುತ್ತಿದ್ದೇನೆ, ದಯವಿಟ್ಟು ಓದಿ

ಸ್ನೇಹಿತರೇ, ಭಾನುವಾರ ಬೆಳಿಗ್ಗೆ 5 ಗಂಟೆಗೆ ಚಿತ್ರದುರ್ಗದಿಂದ ಬೈಕಿನಲ್ಲಿ ಒಬ್ಬನೇ ಎಲ್ಲೋರಕ್ಕೆ ಹೊರಡುತ್ತಿದ್ದೇನೆ. ರಾಷ್ಟ್ರೀಯ ಹೆದ್ದಾರಿ 50 ಹಿಡಿದು ಹೊಸಪೇಟೆ, ಇಳಕಲ್, ವಿಜಯಪುರ. ರಾತ್ರಿ ಸೊಲ್ಲಾಪುರದಲ್ಲಿ ತಂಗುತ್ತೇನೆ. ಮೊದಲ ದಿನವೇ 400 ಕಿ.ಮೀ. ದಾಟುತ್ತದೆ. ಸೋಮವಾರ ಅಜಂತಾಕ್ಕೆ ರಜೆ, ಮಂಗಳವಾರ ಎಲ್ಲೋರಕ್ಕೆ. ಹಾಗಾಗಿ ಮಂಗಳವಾರ ಅಜಂತಾ, ಬುಧವಾರ ಎಲ್ಲೋರ.

“ಜೊತೆಗೆ ಯಾರೂ ಇಲ್ಲವೇ?” ಎಂದು ಈಗಾಗಲೇ ಮೂವರು ಕೇಳಿದ್ದಾರೆ. ಇಲ್ಲ, ಬೇಕಾಗಿಯೂ ಇಲ್ಲ. ಐದು ಜನ ಹೋದರೆ ಐದು ಕಡೆ ಚಹಾಕ್ಕೆ ನಿಲ್ಲಬೇಕಾಗುತ್ತದೆ.

ಹೋದ ವರ್ಷ ಕೂಡ್ಲಿಗಿ ದಾಟಿದ ಮೇಲೆ ಚೈನ್ ತುಂಡಾಗಿ, ಮಟಮಟ ಮಧ್ಯಾಹ್ನ ಬೈಕನ್ನು ತಳ್ಳಿದ್ದು ನಿಮಗೆಲ್ಲ ಗೊತ್ತೇ ಇದೆ. ತಪ್ಪು ನನ್ನದೇ, ಚೈನಿಗೆ ಎಣ್ಣೆ ಕಾಣಿಸದೆ ತಿಂಗಳುಗಳಾಗಿದ್ದವು. ಈ ಸಲ ಹೊಸ ಚೈನ್ ಹಾಕಿಸಿದ್ದೇನೆ. ಸೀಟಿನ ಕೆಳಗೆ ಎರಡು ಚೈನ್ ಲಾಕ್ (ತುಂಡಾದ ಚೈನ್ ಜೋಡಿಸುವ ಕೊಂಡಿ), ಒಂದು ಕ್ಲಚ್ ಕೇಬಲ್, ಪಂಕ್ಚರ್ ಕಿಟ್ ಇವೆ. ಸುಮಾರು 500 ಕಿ.ಮೀ.ಗೊಮ್ಮೆ ಚೈನಿಗೆ ಎಣ್ಣೆ ಬಿಡುತ್ತೇನೆ. ಟಯರಿನ ಗಾಳಿಯನ್ನು ಬೆಳಿಗ್ಗೆ ಹೊರಡುವ ಮುನ್ನವೇ ನೋಡುತ್ತೇನೆ. ಓಡಿ ಬಿಸಿಯಾದ ಟಯರ್ ಹೆಚ್ಚು ಗಾಳಿ ತೋರಿಸಿ ಮೋಸ ಮಾಡುತ್ತದೆ.

ನಿಮ್ಮಿಂದ ಬೇಕಾಗಿರುವುದು ಇಷ್ಟೇ. ಓಡಿಸುವಾಗ ಕರೆ ಮಾಡಬೇಡಿ, ಎತ್ತುವುದಿಲ್ಲ. ನಿಂತಾಗಲೆಲ್ಲ ಇಲ್ಲಿ ಲೊಕೇಶನ್ ಹಾಕುತ್ತೇನೆ. ರಾತ್ರಿ 8 ಗಂಟೆಯಾದರೂ ಸುದ್ದಿ ಇಲ್ಲದಿದ್ದರೆ ಮೊದಲು ನನ್ನ ತಮ್ಮನಿಗೆ ಫೋನ್ ಮಾಡಿ, ಅಮ್ಮನಿಗಲ್ಲ. ಹೆದ್ದಾರಿ ಸಹಾಯವಾಣಿ 1033, ತುರ್ತು ಸಂಖ್ಯೆ 112.

ಇಳಕಲ್ ಸೀರೆ ಬೇಕೆಂದವರು ಕ್ಷಮಿಸಿ, ಬ್ಯಾಗಿನಲ್ಲಿ ರೇನ್‌ಕೋಟಿಗೇ ಜಾಗವಿಲ್ಲ.